ಬೆನ್ನಿಗೆ ಚೀಲ, ಎದುರಿಗೆ ಹೊಳೆ

ಕಾರವಾರದಿಂದ ಭಟ್ಕಳಕ್ಕೆ ರೈಲಿನಲ್ಲಿ ಎರಡು ಚಿಲ್ಲರೆ ಗಂಟೆಯ ದಾರಿ. ಕಾರಿನವರು ಕುಮಟೆಯಲ್ಲಿ ಊಟ ಮುಗಿಸಿ, ಮುರುಡೇಶ್ವರದ ಶಿವನ ಎದುರು ಫೋಟೊ ತೆಗೆಸಿಕೊಂಡು, ಕತ್ತಲಾಗುವುದರೊಳಗೆ ಜಿಲ್ಲೆಯ ಗಡಿ ದಾಟಿರುತ್ತಾರೆ. ಅದೇ ದಾರಿಯನ್ನು ನಾವಿಬ್ಬರೂ ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು, ಸಿಕ್ಕಿದ ಬಸ್ಸು ಹತ್ತಿ, ಬಸ್ಸಿಲ್ಲದಲ್ಲಿ ನಡೆದು, ನಡೆಯಲಾಗದಲ್ಲಿ ಬಾರ್ಜು ಹಿಡಿದು ವಾರಕ್ಕೂ ಮಿಕ್ಕಿ ಎಳೆದೆವು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಅವಳು ಬಿಟ್ಟುಹೋದ ಎರಡು ಬೆನ್ನಚೀಲಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದವು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಕೇಳಿದವರಿಗೆ ಇವರು, ಮಂಡಿ ಕೈಕೊಡುವ ಮೊದಲು ಮಾಡಬೇಕಾದ ಹುಚ್ಚು ಎಂದು ಹೇಳಿ ಬಾಯಿ ಮುಚ್ಚಿಸಿದರು.

ಇವರ ಊರು ಅಂಕೋಲೆಯ ಕಡೆ, ನನ್ನದು ಶಿರಸಿಯ ಹತ್ತಿರದ ಹಳ್ಳಿ. ಘಟ್ಟದ ಮೇಲಿನವರಿಗೆ ಕರಾವಳಿ ಎಂದರೆ ಸೆಕೆ, ಮೀನಿನ ವಾಸನೆ, ಗೋಕರ್ಣದ ಅಪರಕರ್ಮ. ಘಟ್ಟದ ಕೆಳಗಿನವರಿಗೆ ಶಿರಸಿ ಎಂದರೆ ಮಾರಿಕಾಂಬಾ ಜಾತ್ರೆ, ಅಡಿಕೆ, ಮಾತಿಗೆ ಮೊದಲು ಜಾತಿ ಕೇಳುವ ಜನ. ಎರಡೂ ಕಡೆಯವರು ಹೇಳುವುದರಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ. ಮದುವೆಯಾದಂದಿನಿಂದ ನಾವು ದೇವಿಮನೆ ಘಟ್ಟವನ್ನು ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಆದರೆ ಅದೆಲ್ಲ ಜಿಲ್ಲೆಯ ಅಡ್ಡಕ್ಕೆ ಮಾಡಿದ ಓಡಾಟ. ಕಡಲ ಅಂಚಿನಲ್ಲಿ ಬಡಗಿನಿಂದ ತೆಂಕಿಗೆ, ಉದ್ದಕ್ಕೆ, ಒಮ್ಮೆಯೂ ಹೋಗಿರಲಿಲ್ಲ.

ಹೊರಡುವಾಗ ನನ್ನ ತಲೆಯಲ್ಲಿ ಇದ್ದದ್ದು ಸಮುದ್ರ. ಮೂರನೆಯ ದಿನದ ಹೊತ್ತಿಗೆ ಸಮುದ್ರ ಹಿನ್ನೆಲೆಗೆ ಸರಿದು ಹೊಳೆಗಳು ಮುಂದೆ ಬಂದವು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಭಟ್ಕಳದ ಹತ್ತಿರ ಪುಟ್ಟ ವೆಂಕಟಾಪುರ ಹೊಳೆ. ಈ ಕರಾವಳಿಯಲ್ಲಿ ಮುಂದೆ ಹೋಗುವುದೆಂದರೆ ಒಂದಾದ ಮೇಲೊಂದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ದಾಟುವುದು. ಹೆದ್ದಾರಿಯ ಸೇತುವೆ ಆ ಕೆಲಸವನ್ನು ಒಂದೆರಡು ನಿಮಿಷಕ್ಕೆ ಇಳಿಸಿರುವುದರಿಂದ ಕಾರಿನವರಿಗೆ ಅದು ತಿಳಿಯುವುದಿಲ್ಲ. ನಡೆಯುವವರಿಗೆ ಪ್ರತಿ ಅಳಿವೆಯೂ ಒಂದು ತಡೆ. ನಿಲ್ಲಬೇಕು, ಕಾಯಬೇಕು, ಯಾರನ್ನಾದರೂ ಕೇಳಬೇಕು. ಹಾಗೆ ಕಾಯುತ್ತ ಕುಳಿತಾಗಲೇ ನಮಗೆ ಹೊಳೆದದ್ದು, ಈ ಹೊಳೆಗಳ ಮೇಲರ್ಧ ಮಾತ್ರ ನನಗೆ ಗೊತ್ತು, ಕೆಳಗರ್ಧ ಮಾತ್ರ ಇವರಿಗೆ ಗೊತ್ತು ಎಂಬುದು. ಕಾಳಿಯನ್ನು ನಾನು ಕಂಡದ್ದು ಸೂಪಾದಲ್ಲಿ, ಶರಾವತಿಯನ್ನು ಜೋಗದಲ್ಲಿ, ಘಟ್ಟದ ಮೇಲೆ ಬೇಡ್ತಿ ಎನ್ನಿಸಿಕೊಳ್ಳುವ ಗಂಗಾವಳಿಯನ್ನು ಮಾಗೋಡಿನಲ್ಲಿ. ಇವರು ಅವನ್ನೆಲ್ಲ ಕಂಡದ್ದು ಉಪ್ಪಾದ ಮೇಲೆ.

ಕಾರವಾರದಲ್ಲಿ ಕಾಳಿಯ ಮೇಲೆ ಈಗ ನೋಡುವುದಕ್ಕೆ ಇರುವುದು ಬಿದ್ದ ಸೇತುವೆಯ ಕಥೆ. ಗೋವೆಯ ಕಡೆಗೆ ಹೋಗುವ, ನಲವತ್ತು ವರ್ಷ ದಾಟಿದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಅದರ ಮೇಲಿದ್ದ ಒಂದು ಲಾರಿ ಹೊಳೆಗೆ ಬಿತ್ತು. ಚಾಲಕ ಲಾರಿಯ ನೆತ್ತಿ ಹತ್ತಿ ನಿಂತಿದ್ದನಂತೆ. ಪೊಲೀಸರೂ ಮೀನುಗಾರರೂ ಸೇರಿ ಅವನನ್ನು ದಡ ಸೇರಿಸಿದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಊರು ಎರಡಾಗಿ ಒಡೆಯಲಿಲ್ಲ. ಕೋಡಿಬಾಗದ ಹತ್ತಿರ ಗಾಳ ಹಾಕಿ ಕುಳಿತಿದ್ದ ಮುದುಕರೊಬ್ಬರು, ಸೇತುವೆ ಇಲ್ಲದ ಕಾಲದಲ್ಲಿ ಸದಾಶಿವಗಡಕ್ಕೆ ದೋಣಿಯಲ್ಲಿ ಹೋಗುತ್ತಿದ್ದದ್ದನ್ನು ಕೊಂಕಣಿ ಬೆರೆತ ಕನ್ನಡದಲ್ಲಿ ಹೇಳಿದರು. ಸೇತುವೆ ಬಿದ್ದದ್ದು ಅವರಿಗೆ ಅಂಥ ಆಶ್ಚರ್ಯದ ಸಂಗತಿಯಾಗಿ ಕಾಣಲಿಲ್ಲ. ಹೊಳೆ ಇದ್ದಲ್ಲೇ ಇದೆಯಲ್ಲ ಎಂದರು.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐಸಿಎಸ್ ಪಾಸಾದ ಮೊದಲ ಭಾರತೀಯ ಅವರು. 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯದ ತಮ್ಮ ಇಲ್ಲಿಗೆ ಬಂದು ಉಳಿದಿದ್ದರು. ಎಲ್ಲರೂ ಅವರ ಹೆಸರನ್ನು ಮರಳಿಗೆ ಅಂಟಿಸುತ್ತಾರೆ. ಆದರೆ ತಮ್ಮ ನೆನಪುಗಳಲ್ಲಿ ಅವರು ಬರೆದುಕೊಂಡಿರುವ ಕಾರವಾರದ ರಾತ್ರಿ ಹೊಳೆಯದು. ಬೆಳದಿಂಗಳಲ್ಲಿ ಕಾಳಿಯ ಮೇಲಕ್ಕೆ ದೋಣಿಯಲ್ಲಿ ಹೋಗಿ, ಶಿವಾಜಿಯ ಹಳೆಯ ಕೋಟೆಯ ಬುಡದಲ್ಲಿ ಇಳಿದು, ಇಳಿತದ ನೀರಿನ ಜೊತೆ ಹಿಂದಿರುಗಿ, ಅಳಿವೆಯ ಹತ್ತಿರ ದೋಣಿ ಬಿಟ್ಟು ಮರಳ ಮೇಲೆ ಮನೆಯ ತನಕ ನಡೆದ ರಾತ್ರಿ. ಇವರಿಗೆ ಇದನ್ನು ಹೇಳಿದಾಗ, ಹಾಗಾದರೆ ಅವರಿಗೂ ಇಳಿತದ ಹೊತ್ತು ನೋಡಿ ಹೊರಡುವ ಬುದ್ಧಿ ಇತ್ತು ಎಂದು ಮೆಚ್ಚಿದರು. ಕವಿಗೆ ಕರಾವಳಿಯವರು ಕೊಡಬಹುದಾದ ದೊಡ್ಡ ಬಿರುದು ಅದೇ ಇರಬೇಕು.

ಕಾರವಾರದ ತೆಂಕಿಗೆ ಕಡಲ ಅಂಚಿನಲ್ಲಿ ನಡೆಯುವ ಮಾತಿಲ್ಲ. ಬಿಣಗಾ, ಅರಗಾ, ಚೆಂಡಿಯಾದ ಕಡೆಯ ತೀರ ನೌಕಾಪಡೆಯದು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಆ ನಡುವೆ ಎಷ್ಟೋ ಮೀನುಗಾರರ, ರೈತರ ಕುಟುಂಬಗಳು ತೀರ ಬಿಟ್ಟು ಒಳನಾಡಿನ ಪುನರ್ವಸತಿ ಕೇಂದ್ರಗಳಿಗೆ ಹೋದವು. ಬಸ್ಸಿನ ಕಿಟಕಿಯಿಂದ ಕಾಣುವುದು ಗೋಡೆ, ಮುಳ್ಳುತಂತಿ, ಫೋಟೊ ತೆಗೆಯಬಾರದೆಂಬ ಫಲಕ. ದೇಶಕ್ಕೆ ನೌಕಾನೆಲೆ ಬೇಕು ಎಂಬುದರ ಮೇಲೆ ನನ್ನ ತಕರಾರಿಲ್ಲ. ಮೀನುಗಾರನನ್ನು ಕಡಲಿನಿಂದ ದೂರ ಕೂರಿಸಿ ಪುನರ್ವಸತಿ ಎನ್ನುವುದರ ಮೇಲಿದೆ.

ಬಸ್ಸಿನ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ನನಗೆ ಪ್ರಯಾಣ ಪುಕ್ಕಟೆ, ಇವರಿಗೆ ಟಿಕೆಟ್ಟು. ಆ ಸೊನ್ನೆ ಚೀಟಿಯನ್ನು ಮಡಚಿ ಪರ್ಸಿನಲ್ಲಿಡುವಾಗಲೆಲ್ಲ ಇವರ ಮುಖ ನೋಡುವುದು ನನಗೊಂದು ಚಟವಾಯಿತು. ಪ್ರವಾಸದ ಖರ್ಚಿನಲ್ಲಿ ನನ್ನ ಪಾಲು ಎಷ್ಟೆಂದು ಇವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಂಕೋಲೆಯಲ್ಲಿ ಇವರ ಚಿಕ್ಕಮ್ಮನ ಮನೆ. ನಾನು ಮೀನು, ಮಾಂಸ ತಿನ್ನುವವಳಲ್ಲ. ನನ್ನ ತವರಿನ ಹೊಸ್ತಿಲನ್ನು ಅವು ಇಂದಿಗೂ ದಾಟಿಲ್ಲ. ಚಿಕ್ಕಮ್ಮನಿಗೆ ಇದು ವರ್ಷಗಳಿಂದ ಬಿಡಿಸಲಾಗದ ಒಗಟು. ಇವರಿಗೆ ಕೋಳಿ ಆಸೆ, ಅಂದರೆ ಕೋಳಿ ಸಾರು, ಮಾಡಿದರು, ಜೊತೆಗೆ ಕೊಟ್ಟೆ ರೊಟ್ಟಿ. ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಮಾಡಿ, ರುಬ್ಬಿದ ಹಿಟ್ಟು ಹುಯ್ದು ಹಬೆಯಲ್ಲಿ ಬೇಯಿಸುವುದು. ಬೆಂದ ಮೇಲೆ ಎಲೆ ಸುಲಿದರೆ ಅದರ ನರಗಳೆಲ್ಲ ರೊಟ್ಟಿಯ ಮೈಮೇಲೆ ಮೂಡಿರುತ್ತವೆ. ನನಗೆಂದು ಬೇರೆ ಪಾತ್ರೆಯಲ್ಲಿ ಬೆಲ್ಲ ಹಾಕಿದ ಕಾಯಿಹಾಲು. "ಏ ತಂಗೀ, ಬರೀ ಇದನ್ನೇ ತಿಂದು ಭಟ್ಕಳದ ತನಕ ನಡೆಯುತ್ತೀಯಾ?" ಎಂದು ಕೇಳಿದರು. ಪಾತ್ರೆ ಬೇರೆ ಇಟ್ಟದ್ದನ್ನು ನಾನು ಕೇಳಿರಲಿಲ್ಲ; ಮೊದಲ ಸಲ ಬಂದಾಗಿನಿಂದಲೂ ಅವರಾಗಿಯೇ ಇಡುತ್ತ ಬಂದಿದ್ದಾರೆ. ನನ್ನ ತವರಿನಲ್ಲಿ ಇವರ ಪಾಲಿಗೆ ಇಷ್ಟು ಯೋಚನೆ ಮಾಡಿದ್ದಾರೆಯೇ ಎಂದು ಕೇಳಿಕೊಂಡರೆ ಉತ್ತರ ಕೊಡುವುದು ಸ್ವಲ್ಪ ಕಷ್ಟ.

ಅಂಕೋಲೆ ಪೇಟೆ ನನಗೆ ಇಷ್ಟ. 1930ರ ಏಪ್ರಿಲ್‌ನಲ್ಲಿ ಇಲ್ಲಿ ಉಪ್ಪಿನ ಕಾನೂನು ಮುರಿದರು, ಆಮೇಲೆ ಕರನಿರಾಕರಣೆಯಲ್ಲಿ ಮನೆ ಮಠ ಕಳೆದುಕೊಂಡರು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ. ಹಾಲಕ್ಕಿ ಹೆಂಗಸರು ಕೊರಳ ತುಂಬ ಮಣಿಸರ ಹಾಕಿ ತರಕಾರಿ ಹರಡಿ ಕೂರುವ ಸಾಲು ಈಗ ಮೊದಲಿನಷ್ಟು ಉದ್ದವಿಲ್ಲ. ಗಿಡ ಬೆಳೆಸಿದ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ ಹೋದರು, ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡರು ಎರಡೇ ತಿಂಗಳಲ್ಲಿ ಹಿಂದೆಯೇ ಹೋದರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು, ಇಬ್ಬರೂ ಇದೇ ತಾಲ್ಲೂಕಿನವರು. ಕರಿ ಈಶಾಡು ಮಾವಿನ ಕಾಲ ಅದಲ್ಲ, ಅದೊಂದು ಕೊರತೆ ಉಳಿಯಿತು.

ಗೋಕರ್ಣಕ್ಕೆ ಹೇಗೆ ಹೋಗುವುದು ಎಂಬ ಮಾತಿನಲ್ಲಿ ಒಂದು ತಮಾಷೆಯ ಜಗಳವಾಯಿತು. ಚಿಕ್ಕವರಿದ್ದಾಗ ಮಂಜುಗುಣಿಯಲ್ಲಿ ದೋಣಿ ದಾಟಿ ಗೋಕರ್ಣಕ್ಕೆ ಹೋಗುತ್ತಿದ್ದೆವು ಎಂದು ಇವರು ಹೇಳಿದರೆ, ಮಂಜುಗುಣಿಯಲ್ಲಿ ದಾಟುವಂಥ ಹೊಳೆ ಎಲ್ಲಿದೆ, ವೆಂಕಟರಮಣನ ತೇರು ಬಿಟ್ಟರೆ ಎಂದು ನಾನು. ಎರಡು ಮಂಜುಗುಣಿಗಳಿವೆ. ನನ್ನದು ಶಿರಸಿಯ ಹತ್ತಿರ, ಅಘನಾಶಿನಿಯ ಒಂದು ಮೂಲ ಅಲ್ಲಿದೆ. ಇವರದು ಗಂಗಾವಳಿ ಕಡಲು ಸೇರುವಲ್ಲಿದೆ. ಕೊನೆಗೆ ನಾವು ಎರಡನ್ನೂ ಬಿಟ್ಟು ಮಾದನಗೇರಿಯ ಮೇಲೆ ಹೋಗುವ ಬಸ್ಸು ಹತ್ತಿದೆವು, ಏಕೆಂದರೆ ಇವರಿಗೆ ಶಿರೂರಿನಲ್ಲಿ ಇಳಿಯಬೇಕಿತ್ತು.

ಶಿರೂರಿನಲ್ಲಿ ಇಳಿದು ನಿಂತೆವು. ಒಂದು ಪಕ್ಕದಲ್ಲಿ ಗುಡ್ಡ, ಇನ್ನೊಂದು ಪಕ್ಕದಲ್ಲಿ ಗಂಗಾವಳಿ, ನಡುವೆ ಹೆದ್ದಾರಿ. ರಸ್ತೆ ಅಗಲಕ್ಕೆಂದು ಬುಡ ಕಡಿದ ಆ ಗುಡ್ಡ 2024ರ ಜುಲೈ 16ರ ಬೆಳಿಗ್ಗೆ ಜಡಿಮಳೆಯಲ್ಲಿ ಕುಸಿದು ಇಳಿಯಿತು. ರಸ್ತೆ ಬದಿಯಲ್ಲಿ ಚಹದ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಚಾಲಕರು ಮಣ್ಣಿನ ಜೊತೆ ಹೊಳೆಗೆ ಹೋದರು. ಅಷ್ಟು ಮಣ್ಣು ಒಮ್ಮೆಗೇ ಬಿದ್ದಾಗ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಗೆ ಅಪ್ಪಳಿಸಿ ಮನೆಗಳನ್ನು ಕೆಡವಿತು. ಕೇರಳದ ಒಂದು ಲಾರಿ, ಅದರೊಳಗಿನ ಚಾಲಕನ ದೇಹದೊಂದಿಗೆ, ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಆ ಅಂಗಡಿಯಲ್ಲಿ ಇವರು ಎಷ್ಟೋ ಸಲ ಚಹ ಕುಡಿದಿದ್ದರು. ಈಗ ಅಲ್ಲಿ ವಾಹನಗಳು ಎಂದಿನಂತೆ ಹೋಗುತ್ತಿವೆ. ಆಚೆ ದಡ ಹತ್ತಿರವೇ ಕಾಣುತ್ತದೆ. ಇದೇ ನೀರು ಮಾಗೋಡಿನಲ್ಲಿ ಬಂಡೆಯಿಂದ ಬಂಡೆಗೆ ಹಾರುವುದನ್ನು ನಾನು ಶಾಲೆಯ ದಿನಗಳಿಂದ ನೋಡಿದ್ದೇನೆ. ಬೇಡ್ತಿಗೆ ಅಣೆಕಟ್ಟು ಬೇಡವೆಂದು 1980ರ ಹೊತ್ತಿಗೆ ನಮ್ಮ ಕಡೆಯ ತೋಟಿಗರು ಗಟ್ಟಿಯಾಗಿ ನಿಂತು ಆ ಯೋಜನೆಯನ್ನು ಹಿಂದಕ್ಕೆ ಕಳಿಸಿದ್ದರು. ಹೊಳೆಯನ್ನು ಉಳಿಸಿಕೊಂಡೆವು ಎಂದು ನಾವು ಮೇಲಿನವರು ಹೆಮ್ಮೆಪಡುವ ಹೊತ್ತಿನಲ್ಲಿ ಕೆಳಗೆ ಅದರ ದಡದ ಗುಡ್ಡಕ್ಕೆ ಏನಾಗುತ್ತಿದೆ ಎಂದು ತಿರುಗಿ ನೋಡಿದವರು ಕಡಿಮೆ.

ಗೋಕರ್ಣದಲ್ಲಿ ನಮ್ಮ ಚೀಲಗಳು ನಮ್ಮ ಜಾತಕ ಬದಲಿಸಿದವು. ರಥಬೀದಿಯ ಅಂಗಡಿಯವನು ನಮ್ಮನ್ನು ಕಂಡವನೇ ಹಿಂದಿಯಲ್ಲಿ ಶುರುಮಾಡಿದ. ನಾನು ಕನ್ನಡದಲ್ಲಿ ಕೇಳಿದರೂ ಅವನು ಹಿಂದಿಯಲ್ಲೇ ಉತ್ತರಿಸಿದ. ಕಡೆಗೆ ಇವರು ಅಂಕೋಲೆಯ ಧಾಟಿಯಲ್ಲಿ ಎರಡು ಮಾತು ಆಡಿದ ಮೇಲೆ, "ನೀವು ನಮ್ಮ ಕಡೆಯವರೇ? ಮತ್ತೆ ಈ ಚೀಲ ಯಾಕೆ?" ಎಂದು ನಕ್ಕ. ಸೂಟ್‌ಕೇಸ್ ಹಿಡಿದವರು ಭಕ್ತರು, ಬೆನ್ನಿಗೆ ಚೀಲ ಹಾಕಿದವರು ಹೊರಗಿನವರು ಎಂಬುದು ಅಲ್ಲಿಯ ಪಂಚಾಂಗ. ಮಹಾಬಲೇಶ್ವರನ ದರ್ಶನಕ್ಕೆ ಚೀಲ ಇಡಲು ಜಾಗ ಹುಡುಕಿದ್ದೇ ಅರ್ಧ ಗಂಟೆ.

ಕುಡ್ಲೆಯಿಂದ ಓಂ ತೀರಕ್ಕೆ, ಅಲ್ಲಿಂದ ಅರ್ಧಚಂದ್ರದ ಕಡೆಗೆ ಗುಡ್ಡ ಹತ್ತಿ ಇಳಿಯುವ ದಾರಿಯ ಬಗ್ಗೆ ಬರೆಯದವರಿಲ್ಲ, ಆದ್ದರಿಂದ ನಾನು ಬರೆಯುವುದಿಲ್ಲ. ಬಂಡೆಯ ತುದಿಗೆ ಹೋಗಿ ನಿಲ್ಲಬೇಡಿ ಎಂದಷ್ಟೇ ಹೇಳುತ್ತೇನೆ. ಪಾಚಿ ಕಟ್ಟಿದ ಬಂಡೆ, ಹೇಳದೆ ಬರುವ ಅಲೆ, ಪ್ರತಿ ವರ್ಷ ಯಾರಾದರೊಬ್ಬರು ಹೋಗುತ್ತಾರೆ.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಣಿಕಟ್ಟಾದ ಉಪ್ಪಿನಾಗರ. ಗೋಕರ್ಣಕ್ಕೆ ಹೋಗುವವರು ಬಸ್ಸಿನಿಂದ ಅದನ್ನು ಗದ್ದೆ ಎಂದು ತಿಳಿದು ದಾಟಿಬಿಡುತ್ತಾರೆ. ಉಬ್ಬರದಲ್ಲಿ ಒಳಗೆ ಬಿಟ್ಟುಕೊಂಡ ನೀರನ್ನು ಕಟ್ಟೆಯಿಂದ ಕಟ್ಟೆಗೆ ಹಾಯಿಸುತ್ತ ಬಿಸಿಲಿಗೆ ಗಟ್ಟಿಮಾಡುತ್ತಾರೆ. ಕೊನೆಯ ಮಡಿಗಳಿಗೆ ಬರುವ ಹೊತ್ತಿಗೆ ಅದು ನೀರೂ ಅಲ್ಲ, ಉಪ್ಪೂ ಅಲ್ಲ. ಮಡಿಯ ತಳವನ್ನು ಕಾಲಿನಿಂದ ತುಳಿದು ತುಳಿದು ಸಾರಿಸಿದ ನೆಲದ ಹಾಗೆ ನುಣುಪು ಮಾಡಿರುತ್ತಾರೆ. ಉದ್ದ ಕೋಲಿನ ತುದಿಗೆ ಅಡ್ಡ ಹಲಗೆ ಕಟ್ಟಿದ ಸಾಧನ ಹಿಡಿದು ಒಬ್ಬಾತ ಅಂಚಿನಲ್ಲಿ ನಿಂತು ಎಳೆಯುತ್ತಿದ್ದರು. ಮೊದಲ ಎಳೆತಕ್ಕೆ ಬಂದದ್ದು ಬರೀ ಕಲಕಿದ ನೀರಿನಂತೆ ಕಂಡಿತು. ಅಂಚಿಗೆ ಬರುತ್ತಿದ್ದಂತೆ ನೀರು ಹಿಂದೆ ಜಾರಿ ಹರಳು ಮುಂದೆ ಉಳಿಯಿತು. ಒಂದು ಹರಳು ಎತ್ತಿ ಕೊಟ್ಟರು. ಕಾಳುಮೆಣಸಿಗಿಂತ ದೊಡ್ಡದು, ಮಬ್ಬು ಬಣ್ಣ, ನಾಲಿಗೆಯ ಮೇಲಿಟ್ಟರೆ ಉಪ್ಪಿನ ಹಿಂದೆ ತುಸು ಕಹಿ. ನಮ್ಮ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಹಾಕುತ್ತಿದ್ದದ್ದು ಇಂಥದೇ ಹರಳುಪ್ಪು. ಅಂಗಡಿಯ ಪುಡಿ ಉಪ್ಪು ಹಾಕಿದರೆ ಮಿಡಿ ಕೊಳೆಯುತ್ತದೆ ಎಂದು ಅವಳ ವಾದ. ಮಳೆ ಬೀಳುವ ತನಕ ಈ ಕೆಲಸ, ಆಮೇಲೆ ಎಲ್ಲವೂ ನೀರಿನ ಪಾಲು. ಬಿಸಿಲಿನಲ್ಲಿ ಬಿಳುಪಿಗೆ ಕಣ್ಣು ಕುಕ್ಕುತ್ತಿತ್ತು, ಅವರು ಕನ್ನಡಕ ಹಾಕಿರಲಿಲ್ಲ.

ತದಡಿಯ ಧಕ್ಕೆಗೆ ಬಂದಾಗ ಬಾರ್ಜು ಆಚೆ ದಡದಲ್ಲಿತ್ತು. ಆಚೆ ಕಾಣುವುದು ಅಘನಾಶಿನಿ ಎಂಬ ಊರು. ಹೊಳೆಯ ಹೆಸರೇ ಊರಿಗೂ. ಹತ್ತು ಹದಿನೈದು ನಿಮಿಷದ ದಾಟು, ಆದರೆ ಕಾಯುವುದಕ್ಕೆ ಮಿತಿಯಿಲ್ಲ. ಬೈಕಿನವರು, ಮೀನಿನ ಬುಟ್ಟಿಯವರು, ಶಾಲೆ ಬಿಟ್ಟ ಮಕ್ಕಳು, ಮದುವೆಯ ಕರೆಯೋಲೆ ಹಂಚಲು ಹೊರಟ ಇಬ್ಬರು. ಯಾರಿಗೂ ಅವಸರವಿರಲಿಲ್ಲ, ನಮಗೂ ಇರಲಿಲ್ಲ.

ಈ ಹೊಳೆ ನನ್ನದು. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಇದರ ಇನ್ನೊಂದು ಮೂಲವಿದೆ. ನಾವು ಕಾಲೇಜಿಗೆ ಹೋಗುವಾಗ ಆ ಕಡೆ ಮುಖ ತಿರುಗಿಸಿಯೂ ನೋಡುತ್ತಿರಲಿಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಾಡಿನ ಕೊರಕಲುಗಳಲ್ಲಿ ಇಳಿದು, ಎಲ್ಲೂ ಒಂದು ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಇಲ್ಲಿಗೆ ಬರುತ್ತದೆ. ಪಶ್ಚಿಮಘಟ್ಟದಲ್ಲಿ ಹಾಗೆ ಬರುವ ಹೊಳೆಗಳು ಬೆರಳೆಣಿಕೆಯಷ್ಟು. ಘಟ್ಟದ ಕಾಳುಮೆಣಸು ಒಂದು ಕಾಲದಲ್ಲಿ ಇದೇ ಹೊಳೆಯ ದಡದ ಮಿರ್ಜಾನಿಗೆ ಇಳಿದು ಹಡಗು ಹತ್ತುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅಂದರೆ ನಾನು ಬರುವ ಎಷ್ಟೋ ಮೊದಲು ನಮ್ಮ ಕಡೆಯ ಬೆಳೆಗೆ ಈ ದಾರಿ ಗೊತ್ತಿತ್ತು.

ಇಳಿತದ ಹೊತ್ತು. ಅಳಿವೆಯ ನಡುವೆ ಮರಳದಿಬ್ಬ ಎದ್ದಿತ್ತು. ಎದೆಮಟ್ಟದ ನೀರಿನಲ್ಲಿ ಸಾಲಾಗಿ ಜನ ನಿಂತಿದ್ದರು, ಹೆಚ್ಚಿನವರು ಹೆಂಗಸರು. ಏನೂ ಮಾಡದೆ ಸುಮ್ಮನೆ ನಿಂತಂತೆ ಕಾಣುತ್ತಿದ್ದರು. ಅವರು ಬಳಚು, ಅಂದರೆ ತಿನ್ನುವ ಕಪ್ಪೆಚಿಪ್ಪು, ಹುಡುಕುತ್ತಿದ್ದಾರೆ ಎಂದು ಇವರು ತೋರಿಸಿದರು. ಕಾಲಿನಿಂದ ಕೆಸರು ತಡವಿ, ಚಿಪ್ಪು ತಾಗಿದೊಡನೆ ಮುಳುಗಿ ಕೈಯಿಂದ ಎತ್ತುತ್ತಾರೆ. ಪಕ್ಕದಲ್ಲಿ ಹಗ್ಗ ಕಟ್ಟಿದ ಅಲ್ಯುಮಿನಿಯಂ ಪಾತ್ರೆ ತೇಲುತ್ತಿರುತ್ತದೆ, ಅದಕ್ಕೆ ಹಾಕುತ್ತಾರೆ. ಬಾರ್ಜು ಬರುವಷ್ಟರಲ್ಲಿ ಒಬ್ಬರು ದಡಕ್ಕೆ ಬಂದು ಪಾತ್ರೆ ಇಳಿಸಿದರು. ಬೂದು, ಕಂದು, ಕೆಲವದರ ಮೇಲೆ ಗೆರೆ. ಹಿಡಿ ತುಂಬುವಷ್ಟು ದೊಡ್ಡವು ಒಂದೆರಡು ಮಾತ್ರ. ನೀರಿನಲ್ಲಿ ನಿಂತು ನಿಂತು ಅವರ ಬೆರಳ ತುದಿ ಸುಕ್ಕಾಗಿ ಬಿಳಿಚಿತ್ತು. ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶವೆಂಬ ಮನ್ನಣೆ, ಸಿಕ್ಕಿದ ಸುದ್ದಿ ಅವರಿಗೆ ಗೊತ್ತೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲ ಸ್ಥಾವರ ಬರಬೇಕಿತ್ತು. ಅದು ಬೇಡವೆಂದು ಎದ್ದು ನಿಂತವರಲ್ಲಿ ಇಂಥವರೇ ಹೆಚ್ಚಿದ್ದರು. ಆಮೇಲೆ ಬಂದ ಪಟ್ಟ ಅವರ ಸಾಕ್ಷಿಯ ಮೇಲೆ ಕೊಟ್ಟ ತೀರ್ಪು ಎಂದು ನಾನು ತಿಳಿದಿದ್ದೇನೆ.

ಬಳಚನ್ನು ಬೇಯಿಸಿ ಬಿಡಿಸುವ ಬಗೆಯನ್ನು ಇವರು ನನಗೆ ಬಾರ್ಜಿನ ಮೇಲೆ ವಿವರಿಸಿದರು. ತಿನ್ನದವಳ ಎದುರು ಇಷ್ಟು ಉತ್ಸಾಹದಿಂದ ಅಡುಗೆ ಹೇಳುವವರನ್ನು ನಾನು ಕಂಡಿಲ್ಲ. ಪ್ರತಿಯಾಗಿ ನಾನು ಶಂಕರಹೊಂಡದ ಕಥೆ ಹೇಳಿದೆ. ಒಂದೇ ಹೊಳೆಯ ಎರಡು ತುದಿ ಬಾರ್ಜಿನ ಒಂದೇ ಬೆಂಚಿನ ಮೇಲೆ ಕುಳಿತಿತ್ತು, ಆದರೆ ಎಂಜಿನ್ನಿನ ಸದ್ದಿನಲ್ಲಿ ಅರ್ಧ ಮಾತು ಇಬ್ಬರಿಗೂ ಕೇಳಿಸಲಿಲ್ಲ.

ದಾಟಿದ ಮೇಲೆ ಕಾಗಾಲ, ಬಾಡ, ಹೊಲನಗದ್ದೆ, ಕುಮಟೆ. ಇಲ್ಲಿ ಮರಳಿನ ಮೇಲೆ ನಡೆದೆವು. ಗಾಳಿಮರಗಳ ನೆರಳು, ಎಳೆದಿಟ್ಟ ದೋಣಿಗಳು, ಒಣಗಲು ಹರಡಿದ ಮೀನು, ಬೈಗಿಗೆ ಕಾಯುವ ಕಾಗೆಗಳು. ಕುಮಟೆಯ ಒಳಭಾಗದಲ್ಲಿ ಮಾಣಿಕಟ್ಟದ ಕಡೆಯ ಗಜನಿ ಗದ್ದೆಗಳನ್ನು ನೋಡಲು ಒಂದು ದಿನ ಕೊಟ್ಟೆವು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ. ಉಪ್ಪು ನೀರು ನುಗ್ಗಿದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ ತಳಿ. ಕಟಾವಿನ ನಂತರ ಕಟ್ಟಿನ ಬಾಗಿಲು ತೆರೆದು ಅದೇ ಗದ್ದೆಗೆ ಉಬ್ಬರ ಬಿಟ್ಟುಕೊಂಡು ಸಿಗಡಿ ಹಿಡಿಯುತ್ತಾರೆ. ಒಂದು ಗದ್ದೆ, ಅರ್ಧ ವರ್ಷ ಹೊಳೆಯದು, ಅರ್ಧ ವರ್ಷ ಕಡಲಿನದು. ಕಗ್ಗದ ಗಂಜಿ ಕೆಂಪಗಿರುತ್ತದೆ, ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ನಡೆಯುವವರಿಗೆ ಅದಕ್ಕಿಂತ ಬೇರೆ ಬೇಡ.

ಧಾರೇಶ್ವರ, ಹಳದೀಪುರ ದಾಟಿ ಹೊನ್ನಾವರ ಸೇರಿದ ರಾತ್ರಿ ವಸತಿಗೃಹದಲ್ಲಿ ನಮ್ಮ ದಾಂಪತ್ಯದ ವಿಚಾರಣೆ ನಡೆಯಿತು. ಆಧಾರ್ ಕಾರ್ಡುಗಳಲ್ಲಿ ಒಬ್ಬರು ನಾಯಕ, ಇನ್ನೊಬ್ಬರು ಹೆಗಡೆ. ಜಿಲ್ಲೆಯವರಿಗೆ ಈ ಎರಡು ಹೆಸರು ಸಾಕು, ಉಳಿದದ್ದನ್ನು ಅವರೇ ಓದಿಕೊಳ್ಳುತ್ತಾರೆ. ವ್ಯವಸ್ಥಾಪಕರು ಕಾರ್ಡುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ನರೆಗೂದಲನ್ನೂ ಇವರ ಬೊಕ್ಕತಲೆಯನ್ನೂ ನೋಡಿ, "ತಾವಿಬ್ಬರೂ…?" ಎಂದು ನಿಲ್ಲಿಸಿದರು. "ಹೌದು, ಓಡಿಬಂದಿದ್ದೇವೆ. ಸ್ವಲ್ಪ ತಡವಾಗಿ" ಎಂದರು ಇವರು. ಕೋಣೆ ಸಿಕ್ಕಿತು.

ಶರಾವತಿಯ ಅಳಿವೆ ಅಗಲ. ಅದರ ಮೇಲಿನ ಕೊಂಕಣ ರೈಲಿನ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ, ಆ ಮಾರ್ಗದಲ್ಲೇ ದೊಡ್ಡದು. ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ವನದ ಮರದ ಹಾದಿಯಲ್ಲಿ ನಡೆದಾಡುತ್ತ ಇವರು ಒಂದು ಮಾತು ಹೇಳಿದರು. ಇಲ್ಲಿಯ ಬಳಚು ತದಡಿಯದರ ಮುಂದೆ ಏನೂ ಅಲ್ಲ, ಹಳಬರು ಹೇಳುವ ಪ್ರಕಾರ ಮೊದಲು ಹೀಗಿರಲಿಲ್ಲ ಎಂದು. ಅದಕ್ಕೆ ಕಾರಣ ಮೇಲಿನಿಂದ ಬಂದ ನನಗೆ ಗೊತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿ ಮಳೆಯ ಲೆಕ್ಕ ಬಿಟ್ಟು ಕರೆಂಟಿನ ಲೆಕ್ಕಕ್ಕೆ ಹರಿಯುತ್ತದೆ. ಮಳೆಗಾಲದಲ್ಲಿ ನೀರು ಮೇಲೆ ನಿಲ್ಲುತ್ತದೆ, ಬೇಸಿಗೆಯಲ್ಲಿ ವಿದ್ಯುದಾಗಾರಗಳನ್ನು ದಾಟಿ ಸಿಹಿನೀರು ಕೆಳಗೆ ಬರುತ್ತಲೇ ಇರುತ್ತದೆ. ಅಳಿವೆಗೆ ಬೇಕಾದ ಉಪ್ಪು ಬೇಕಾದ ಹೊತ್ತಿನಲ್ಲಿ ಏರುವುದಿಲ್ಲ, ಉಪ್ಪಿಲ್ಲದಿದ್ದರೆ ಬಳಚು ನಿಲ್ಲುವುದಿಲ್ಲ. ಜೋಗದಲ್ಲಿ ನೀರಿಲ್ಲವೆಂದು ಗೊಣಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊನ್ನಾವರದಲ್ಲಿ ಬೇಡದ ಹೊತ್ತಿನಲ್ಲಿ ನೀರಿದೆ ಎಂದು ಗೊಣಗಬೇಕಾದವರು ಇದ್ದಾರೆ ಎಂಬುದು ಇವರ ಜೊತೆ ನಿಂತಾಗಲೇ ಅರ್ಥವಾದದ್ದು. ಎರಡು ತುದಿಯ ಗೊಣಗು ಒಂದೇ ಕಟ್ಟೆಯದು.

ಕಾಸರಕೋಡಿನ ಒಂದು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು; ಚೊಕ್ಕಟವಾಗಿದೆ, ಟಿಕೆಟ್ಟಿದೆ. ಅದೇ ಊರಿನ ಟೊಂಕದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಅಲ್ಲಿಯೇ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಳಿಂದ ಜಗಳವಾಡುತ್ತಿದ್ದಾರೆ. ಮೊಟ್ಟೆಯ ಸುತ್ತ ಕಟ್ಟಿದ ಬಲೆಯ ಬೇಲಿಯನ್ನು ನೋಡಿದೆವು, ಆಮೆಯನ್ನು ನೋಡಲಿಲ್ಲ.

ಮುರುಡೇಶ್ವರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಪ್ಪತ್ತು ಅಂತಸ್ತಿನ ಗೋಪುರ, 123 ಅಡಿಯ ಶಿವ, ಲಿಫ್ಟಿಗೆ ಸಾಲು. ಆತ್ಮಲಿಂಗ ಕೀಳಲಾಗದ ಸಿಟ್ಟಿಗೆ ರಾವಣ ಎಸೆದ ವಸ್ತ್ರ ಬಿದ್ದ ಜಾಗ ಇದು, ದಾರ ಬಿದ್ದದ್ದು ಧಾರೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ಕರಡಿಗೆ ಕಾರವಾರದ ಹತ್ತಿರದ ಸಜ್ಜೇಶ್ವರದಲ್ಲಿ. ಇಡೀ ಕರಾವಳಿಯನ್ನು ಒಂದು ಸಿಟ್ಟಿನಲ್ಲಿ ಅಳೆದವನು ಅವನೊಬ್ಬನೇ. ಜನ ಶಿವನಿಗೆ ಬೆನ್ನು ಮಾಡಿ ಮೊಬೈಲಿಗೆ ಮುಖ ಮಾಡಿದ್ದ ಹೊತ್ತಿನಲ್ಲಿ ನಾವು ತೆಂಕು ಬದಿಯ ಮರಳಿನಲ್ಲಿ ಬಲೆ ಎಳೆಯುವುದನ್ನು ನೋಡುತ್ತಿದ್ದೆವು. ಸಣ್ಣ ಬಲೆ, ಎರಡು ಕಡೆ ಏಳೆಂಟು ಜನ. ರಂಪಣಿ ಎಂಬ ದೊಡ್ಡ ಬಲೆಯ ಕಾಲದಲ್ಲಿ ಊರಿಗೆ ಊರೇ ಬಂದು ಹಗ್ಗ ಹಿಡಿಯುತ್ತಿತ್ತಂತೆ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ಬಂಗುಡೆಯನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿದ ಮೇಲೆ ರಂಪಣಿ ಮಡಚಿಕೊಂಡಿತು. ಇವರ ಅಜ್ಜನಿಗೆ ಒಂದು ರಂಪಣಿಯಲ್ಲಿ ಪಾಲಿತ್ತು. ಅದನ್ನು ನನಗೆ ಹೇಳಿದ್ದು ಅವತ್ತೇ, ಮದುವೆಯಾಗಿ ಇಷ್ಟು ವರ್ಷದ ಮೇಲೆ.

ಭಟ್ಕಳದಲ್ಲಿ ಮಲ್ಲಿಗೆ ಕೊಂಡು ಮುಡಿದೆ, ಇವರು ಬಿರಿಯಾನಿ ತಿಂದರು, ಬಸ್ಸು ಹತ್ತಿದೆವು.

ಹೊರಡುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಉಪ್ಪಿನಾಗರ ನೋಡಬೇಕಾದರೆ ಸಂಕ್ರಾಂತಿ ಕಳೆಯಲಿ, ಗೋಕರ್ಣದಲ್ಲಿ ಕೋಣೆ ಬೇಕಾದರೆ ಶಿವರಾತ್ರಿಯ ಹಿಂದೆ ಮುಂದೆ ಹೋಗಬೇಡಿ. ಜೂನ್, ಜುಲೈ ಯಂತ್ರದೋಣಿಯ ಮೀನುಗಾರಿಕೆಗೆ ರಜೆ, ದಡದಲ್ಲಿ ನಡೆಯುವುದೂ ಆಗದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಜೋರು, ಮರಳು ಅಗಲವಾಗಿ ತೆರೆದುಕೊಳ್ಳುತ್ತದೆ, ಬಳಚಿನವರೂ ಸಿಗುತ್ತಾರೆ. ಆದರೆ ಉಬ್ಬರವೂ ಅಷ್ಟೇ ಜೋರು, ಮೂಲೆಯ ಬಂಡೆಗಳನ್ನು ಅದಕ್ಕೆ ಮೊದಲು ದಾಟಿಕೊಳ್ಳಿ. ಹೊತ್ತು ಗೊತ್ತಿಲ್ಲದಿದ್ದರೆ ಮೊಬೈಲಿಗಿಂತ ಧಕ್ಕೆಯಲ್ಲಿ ಕುಳಿತವರನ್ನು ಕೇಳಿ. ಬಾರ್ಜಿನಲ್ಲಿ ಕೊಡಲು ಚಿಲ್ಲರೆ ಇಟ್ಟುಕೊಳ್ಳಿ. ಐನೂರರ ನೋಟು ತೆಗೆದರೆ ನಾಯಕರಾದರೂ ಹೆಗಡೆಯಾದರೂ ಒಂದೇ ಬೈಗುಳ.